ವಠಾರದಲ್ಲಿ ಐದನೇ ಡೆಂಗಿ ಕೇಸು: ಹೊಗೆ ಗಾಡಿ ಬಂದು ಹೋಯ್ತು, ಸೊಳ್ಳೆ ಹೋಗಲಿಲ್ಲ

ವಠಾರದ ಮೂರನೇ ಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಯಾರಾದರೂ ದಾರಿ ಹೇಳಿ.

ನಮ್ಮದು ಬೆಂಗಳೂರಿನಲ್ಲಿ ಒಂದು ಹಳೇ ವಠಾರ. ಒಂದು ಗೇಟು, ಒಂಬತ್ತು ಮನೆ, ಮೂವತ್ತೆಂಟು ಜನ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ, ಅಷ್ಟು ಹತ್ತಿರ. ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ರಾತ್ರಿ ಹನ್ನೊಂದರ ಮೇಲೆ. ಹಾಗಾಗಿ ಪ್ರತಿ ಬಾಗಿಲ ಮುಂದೆಯೂ ಒಂದು ನೀಲಿ ಡ್ರಮ್ಮು.

ಮೇ ಕೊನೆಯಲ್ಲಿ ಒಂಬತ್ತನೇ ಮನೆ ಹುಡುಗನಿಗೆ ಡೆಂಗಿ ಬಂತು. ವಾರದಲ್ಲಿ ಹುಷಾರಾದ. ನಾವೂ ಮರೆತೆವು. ಹದಿನೆಂಟು ದಿನ ಆದ ಮೇಲೆ, ಎರಡೇ ದಿನದಲ್ಲಿ ನಾಲ್ಕು ಜನ ಮಲಗಿದರು. ಅದರಲ್ಲಿ ನನ್ನ ಏಳು ವರ್ಷದ ಮಗಳೂ ಒಬ್ಬಳು. ಹೊಗೆ ಗಾಡಿ ಕಳಿಸಿ ಅಂತ ಎಲ್ಲರೂ ಫೋನ್ ಮಾಡಿದೆವು. ಬಂದರು. ರಸ್ತೆಯಲ್ಲಿ ಹತ್ತು ನಿಮಿಷ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಹೋದರು. ಮರುದಿನ ಬೆಳಗ್ಗೆ ಏಳಕ್ಕೆ ಮಗಳ ಕಾಲ ಮೇಲೆ ಮತ್ತೆ ಸೊಳ್ಳೆ ಕೂತಿತ್ತು.

ಓನರ್ ಹೇಳೋದು, "ನಮ್ಮ ಸಂಪು ಮುಚ್ಚಿದೆ, ಇದೆಲ್ಲ ಚರಂಡಿ ಸೊಳ್ಳೆ." ಯಾರೋ ಕೊಟ್ಟ ಕರಪತ್ರದಲ್ಲಿ "ಶೇಖರಿಸಿದ ನೀರು ಚೆಲ್ಲಿ" ಅಂತ ಇದೆ. ಚೆಲ್ಲಿಬಿಟ್ಟರೆ ನಾಳೆ ಅನ್ನಕ್ಕೆ ಏನಿಡಲಿ? ಇನ್ನೂ ಮೂವತ್ತಮೂರು ಜನ ಇದ್ದೇವೆ. ಏನು ಮಾಡೋದು ಹೇಳಿ.

ಎರಡನೇ ಅಡ್ಡರಸ್ತೆ:

ನಮ್ಮ ಕಡೆಯೂ ಇದೇ ಕಥೆ. ಒಂದು ಸಾರಿ ಹೊಗೆ ಬಿಟ್ಟರೆ ಆಗೋದಿಲ್ಲ, ದಿನಾ ಬಿಡಬೇಕು. ಎಲ್ಲರೂ ಸೇರಿ ಒಂದು ಅರ್ಜಿ ಬರೆದು ಕೊಡಿ. ಸುಮ್ನೆ ಕೂತರೆ ಯಾರೂ ಬರೋದಿಲ್ಲ.

ನಿವೃತ್ತ ಟಾರ್ಚು:

ನಾನು ಆರೋಗ್ಯ ನಿರೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಟಾರ್ಚು ಹಿಡಿದು ಕಂಡವರ ಮನೆ ತೊಟ್ಟಿ ಇಣುಕಿದ್ದೇ ನನ್ನ ವೃತ್ತಿ.

ಮೊದಲು ಆ ಹದಿನೆಂಟು ದಿನದ ಲೆಕ್ಕ. ಜ್ವರ ಇದ್ದ ಹುಡುಗನನ್ನು ಸೊಳ್ಳೆ ಕಚ್ಚಿದೆ. ಅದರ ಹೊಟ್ಟೆಯಲ್ಲಿ ವೈರಸ್ ಬೆಳೆದು ಎಂಜಲಿಗೆ ಬರಲು ಸುಮಾರು 8ರಿಂದ 12 ದಿನ. ಆಮೇಲೆ ಅದು ಕಚ್ಚಿದವರಿಗೆ ಜ್ವರ ಬರಲು 4ರಿಂದ 10 ದಿನ. ಕೂಡಿ ನೋಡಿ, ನಿಮ್ಮ ಹದಿನೆಂಟು ಸರಿಯಾಗಿ ಕೂರುತ್ತದೆ. ಅಂದರೆ ಆ ನಾಲ್ಕು ಜನರಿಗೆ ರೋಗ ಹೊರಗಿನಿಂದ ಬಂದಿಲ್ಲ, ಬಹುಶಃ ನಿಮ್ಮ ಗೇಟಿನ ಒಳಗೇ ಹುಟ್ಟಿದೆ. ಈ ಸೊಳ್ಳೆ ದೂರ ಹಾರುವ ಜಾತಿಯಲ್ಲ. ಹುಟ್ಟಿದ ಜಾಗದ ಸುತ್ತ ನೂರಿನ್ನೂರು ಮೀಟರಿನಲ್ಲೇ ಅದರ ಸಂಸಾರ. ಒಂದು ಊಟಕ್ಕೆ ಮೂರ್ನಾಲ್ಕು ಜನರನ್ನು ಕಚ್ಚುವ ಚಟ ಬೇರೆ. ಎರಡು ದಿನದಲ್ಲಿ ನಾಲ್ಕು ಜನ ಮಲಗಿದ್ದು ಅದಕ್ಕೇ ಇರಬಹುದು.

ನಿಮ್ಮ ಓನರ್ ಹೇಳುವ ಚರಂಡಿ ಸೊಳ್ಳೆ ಬೇರೆ, ಅದು ಕ್ಯೂಲೆಕ್ಸ್. ಕತ್ತಲಾದ ಮೇಲೆ ಕಿವಿಯ ಹತ್ತಿರ ಗುಂಯ್ ಅನ್ನುವುದು ಅದೇ. ಕಲಬುರಗಿ ಕಡೆ ಆನೆಕಾಲು ರೋಗ ಹರಡುವುದೂ ಅದೇ. ಡೆಂಗಿ ತರುವುದು ಈಡಿಸ್. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಹಗಲು ಕಚ್ಚುತ್ತದೆ, ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ಕೊಳಚೆ ನೀರು ಅದಕ್ಕೆ ಸೇರೋದಿಲ್ಲ. ನೀವು ಕುಡಿಯುವಂಥ ನೀರೇ ಬೇಕು. ಮಡಿವಂತ ಸೊಳ್ಳೆ.

ಈಗ ಹೊಗೆ. ಹೊಗೆಯಿಂದ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ. ಈಡಿಸ್ ಕೂತಿರುವುದು ನಿಮ್ಮ ಮಂಚದ ಕೆಳಗೆ, ಬಾಗಿಲ ಹಿಂದೆ ನೇತುಹಾಕಿದ ಪ್ಯಾಂಟಿನ ಮಡಿಕೆಯಲ್ಲಿ. ರಸ್ತೆಯಲ್ಲಿ ಹೊಗೆ ಬಂದಾಗ ನೀವೆಲ್ಲ ಏನು ಮಾಡಿದಿರಿ? ಕಿಟಕಿ ಮುಚ್ಚಿದಿರಿ ಅಲ್ವಾ? ಅಲ್ಲಿಗೆ ಮುಗಿಯಿತು. ನೀರಿನಲ್ಲಿರುವ ಮರಿಗೆ ಹೊಗೆ ತಟ್ಟುವುದೇ ಇಲ್ಲ. ಕೇಸು ಬಂದ ಮನೆ, ಅದರ ಅಕ್ಕಪಕ್ಕದ ಮನೆಗಳ ಒಳಗೆ ಪೈರೆಥ್ರಮ್ ಅನ್ನುವ ಸೊಳ್ಳೆ ಔಷಧಿ ಸಿಂಪಡಿಸುವುದು ಬೇರೆ ಕ್ರಮ, ಅದನ್ನು ಕೇಳಿ ಮಾಡಿಸಿಕೊಳ್ಳಿ. ರಸ್ತೆ ಹೊಗೆಯೊಂದನ್ನೇ ನಂಬಿದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಆಗಬೇಕು. ನೀರು ಚೆಲ್ಲಬೇಡಿ, ಬಳಸಿ. ಹೊಸ ನೀರು ಬರುವ ಮುಂಚೆ ತಳ ಕಾಣುವ ಹೊತ್ತು ಒಂದಿರುತ್ತದಲ್ಲ, ಆಗ ತೆಂಗಿನ ನಾರು ಹಾಕಿ ಒಳಗೋಡೆ ಉಜ್ಜಿ. ಉಜ್ಜುವುದೇ ಮುಖ್ಯ. ಮೊಟ್ಟೆ ಇರುವುದು ನೀರಿನಲ್ಲಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಕೊಂಡಿರುತ್ತದೆ. ಸಾಸಿವೆಗಿಂತ ಎಷ್ಟೋ ಸಣ್ಣ, ಮಸಿ ಚುಕ್ಕೆ ಹಾಗೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ಮುಟ್ಟಿದ ತಕ್ಷಣ ಒಡೆಯುತ್ತದೆ. ಬರೀ ತೊಳೆದು ಬಗ್ಗಿಸಿದವರ ಡ್ರಮ್ಮಿನಲ್ಲಿ ಮುಂದಿನ ವಾರವೇ ಮರಿ ಕಂಡಿದ್ದೇನೆ.

ರಾತ್ರಿ ಪಾಳಿ:

ಮೂರನೇ ಮನೆಯವರೇ, ಮಗಳು ಹೇಗಿದ್ದಾಳೆ? ನಾನು ಜ್ವರದ ವಾರ್ಡಿನಲ್ಲಿ ಕೆಲಸ ಮಾಡುವ ವೈದ್ಯೆ. ಇಲ್ಲಿ ಬರೆದು ಚಿಕಿತ್ಸೆ ಕೊಡಲು ಆಗೋದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು.

ಜ್ವರ ಬಿಟ್ಟ ದಿನ ಮನೆಯವರೆಲ್ಲ ನಿರಾಳ ಆಗುತ್ತಾರೆ. ಡೆಂಗಿಯಲ್ಲಿ ನಾವು ಹೆದರುವುದೇ ಆ ದಿನಕ್ಕೆ. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ, ಕೆಲವರಿಗೆ ರಕ್ತನಾಳದಿಂದ ನೀರಿನಂಶ ಸೋರಲು ಶುರುವಾಗುತ್ತದೆ. ಆ 24ರಿಂದ 48 ಗಂಟೆ ಕಣ್ಣಿಟ್ಟು ನೋಡಿ. ಬಿಡದ ಹೊಟ್ಟೆ ನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕೈಕಾಲು ತಣ್ಣಗಾಗುವುದು, ಮಗು ತೂಕಡಿಸುತ್ತಾ ಮಂಕಾಗುವುದು ಅಥವಾ ಕಾರಣವಿಲ್ಲದೆ ರಚ್ಚೆ ಹಿಡಿಯುವುದು, ಐದಾರು ಗಂಟೆ ಮೂತ್ರ ಹೋಗದಿರುವುದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಆಟೋ ಹತ್ತಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ತೂಕಕ್ಕೆ ತಕ್ಕಷ್ಟು. ಮೈಕೈ ನೋವು ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಐಬುಪ್ರೊಫೇನ್, ಡೈಕ್ಲೋಫಿನಾಕ್, ಆಸ್ಪಿರಿನ್ ತಗೋಬೇಡಿ. ರಕ್ತಸ್ರಾವ ಜಾಸ್ತಿ ಆಗಬಹುದು. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್, ಏನು ಒಳಗೆ ಹೋಗುತ್ತದೋ ಅದು.

ಇನ್ನೊಂದು. ಜ್ವರದವರನ್ನು ಹಗಲಿನಲ್ಲೂ ಸೊಳ್ಳೆ ಪರದೆ ಒಳಗೆ ಮಲಗಿಸಿ. ಇದು ಅವರಿಗಿಂತ ಜಾಸ್ತಿ ಉಳಿದ ಮೂವತ್ತಮೂರು ಜನಕ್ಕೋಸ್ಕರ. ಅವರನ್ನು ಸೊಳ್ಳೆ ಕಚ್ಚದಿದ್ದರೆ ಟಾರ್ಚು ಸರ್ ಹೇಳಿದ ಲೆಕ್ಕ ಅಲ್ಲೇ ನಿಲ್ಲುತ್ತದೆ.

ಎರಡನೇ ಅಡ್ಡರಸ್ತೆ:

ಮೇಡಂ, ಪಪ್ಪಾಯಿ ಎಲೆ ರಸ ಬಿಟ್ಟಿರಲ್ಲ? ನಮ್ಮ ಭಾವನಿಗೆ ಪ್ಲೇಟ್‌ಲೆಟ್ 40 ಸಾವಿರಕ್ಕೆ ಇಳಿದಿತ್ತು. ಎರಡು ದಿನ ರಸ ಕುಡಿಸಿದೆವು, ಒಂದು ಲಕ್ಷ ದಾಟಿತು. ಇನ್ನೊಂದು ವಿಷಯ, ನಮ್ಮ ಹತ್ತಿರದ ಒಂದು ಲ್ಯಾಬಿನಲ್ಲಿ ಬರೀ ಕಾರ್ಡ್ ಟೆಸ್ಟಿಗೆ, ಅದೇ ತಕ್ಷಣ ಫಲಿತಾಂಶ ಹೇಳುವ ಡೆಂಗಿ ರಕ್ತ ಪರೀಕ್ಷೆಗೆ, 900 ರೂಪಾಯಿ ಕಿತ್ತುಕೊಂಡರು.

ರಾತ್ರಿ ಪಾಳಿ:

ಕಂಟಕದ ದಿನಗಳು ದಾಟಿದ ಮೇಲೆ ಪ್ಲೇಟ್‌ಲೆಟ್ ತಾನಾಗೇ ಏರುತ್ತದೆ ಸರ್, ಎಲೆ ಕುಡಿದರೂ ಕುಡಿಯದಿದ್ದರೂ. ರಸದಿಂದ ಸಂಖ್ಯೆ ಏರುತ್ತದೆ ಅನ್ನುವ ಸಣ್ಣಪುಟ್ಟ ಅಧ್ಯಯನಗಳಿವೆ, ಇಲ್ಲ ಅನ್ನೋದಿಲ್ಲ. ಆದರೆ ಮೊದಲೇ ವಾಂತಿ ಮಾಡುತ್ತಿರುವ ಮಗುವಿಗೆ ಆ ಕಹಿ ಕುಡಿಸಿ, ಒಳಗಿದ್ದ ನೀರೂ ಹೊರಗೆ ಬಂದು, ನಮ್ಮ ಹತ್ತಿರ ತಂದವರನ್ನು ನೋಡಿದ್ದೇನೆ. ಎಲ್ಲರೂ ಪ್ಲೇಟ್‌ಲೆಟ್ ಒಂದನ್ನೇ ಕ್ರಿಕೆಟ್ ಸ್ಕೋರ್ ಹಾಗೆ ಕೇಳುತ್ತಾರೆ. ನಾವು ನೋಡುವುದು ಬಿಪಿ, ಮೂತ್ರ, ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನುವ ಹೆಮಟೋಕ್ರಿಟ್. ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗೆ ಇಳಿಯುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕುವುದಿಲ್ಲ. 40 ಸಾವಿರಕ್ಕೆ ಊರೆಲ್ಲ ರಕ್ತದಾನಿಗಳನ್ನು ಹುಡುಕುವ ಮೆಸೇಜು ಬೇಡ.

ಟೆಸ್ಟಿನ ವಿಷಯ: 2024ರ ಜುಲೈನಲ್ಲಿ ಸರ್ಕಾರ ಖಾಸಗಿಯವರಿಗೂ ದರ ನಿಗದಿ ಮಾಡಿತ್ತು. ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕುವ ಎನ್ಎಸ್1 ಎಲೈಸಾ ಲ್ಯಾಬ್ ಪರೀಕ್ಷೆಗೆ 300, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾಗೆ 300, ಕಾರ್ಡ್ ಟೆಸ್ಟಿಗೆ 250. ಬಿಲ್ ಇದ್ದರೆ ಇಟ್ಟುಕೊಳ್ಳಿ. ಎನ್ಎಸ್1 ಮೊದಲ ಐದು ದಿನಕ್ಕೆ, ಆಮೇಲೆ ಐಜಿಎಂ. ಕಾರ್ಡ್ ಟೆಸ್ಟಿನಲ್ಲಿ ನೆಗೆಟಿವ್ ಬಂತು ಅಂತ ಡೆಂಗಿ ಇಲ್ಲ ಅಂದುಕೊಳ್ಳಬೇಡಿ.

ಕಟ್ಟಿ ಬಾಡಿಗೆ ಕೊಟ್ಟವನು:

ಎಲ್ಲರೂ ಓನರ್ ಮೇಲೆ ಹಾಕುತ್ತೀರಿ. ನನ್ನದೂ ಆರು ಮನೆ ಇದೆ. ಸಂಪಿಗೆ ಕಬ್ಬಿಣದ ಮುಚ್ಚಳ, ಮೇಲಿನ ಟ್ಯಾಂಕಿಗೆ ಜಾಲರಿ, ಎಲ್ಲ ಮಾಡಿಸಿದ್ದೇನೆ. ಬಾಡಿಗೆಯವರು ಒಡೆದ ಬಕೆಟ್ಟು, ಹಳೇ ಕುಕ್ಕರ್, ಟೈರು ಎಲ್ಲ ಒಯ್ದು ಟೆರೇಸಿಗೆ ಹಾಕುತ್ತಾರೆ. ಖಾಲಿ ಮಾಡಿಕೊಂಡು ಹೋಗುವಾಗಲೂ ಅಲ್ಲೇ ಬಿಟ್ಟು ಹೋಗುತ್ತಾರೆ. ಮಳೆ ಬಂದರೆ ಅದರಲ್ಲಿ ನೀರು. ದಂಡ ಬಿದ್ದರೆ ಯಾರಿಗೆ? ನನಗೆ.

ನಿವೃತ್ತ ಟಾರ್ಚು:

ಸ್ವಾಮಿ, ದಂಡ ಇಬ್ಬರಿಗೂ ಬೀಳಬಹುದು. 2024ರಲ್ಲಿ ರಾಜ್ಯದಲ್ಲಿ ಕೇಸು 20 ಸಾವಿರ ದಾಟಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ನಿಯಮ ತಂದಿತು. ಓನರ್, ವಾಸವಿರುವವರು, ಕಟ್ಟಡ ಕಟ್ಟುವವರು, ಎಲ್ಲರಿಗೂ ಹೊಣೆ ಇದೆ. ನಗರದಲ್ಲಿ ಮನೆಗೆ 400 ರೂಪಾಯಿ, ಅಂಗಡಿ ಹೋಟೆಲಿಗೆ 1000, ಖಾಲಿ ಸೈಟು ಮತ್ತು ಕಟ್ಟುತ್ತಿರುವ ಕಟ್ಟಡಕ್ಕೆ 2000. ಆದರೆ ನನ್ನ ಅನುಭವ ಕೇಳಿದರೆ, ದಂಡದ ರಸೀದಿ ಹಿಡಿದು ಹೋದ ಮನೆಗೆ ಮುಂದಿನ ವಾರ ಹೋದರೆ ಬಾಗಿಲು ತೆಗೆಯೋದಿಲ್ಲ. ಖಾಲಿ ಸೈಟಿನವರ ವಿಷಯ ಬೇರೆ. ಅವರಿಗೆ 2000 ಅಂದರೆ ಒಂದು ಹೊತ್ತಿನ ಊಟದ ಬಿಲ್ಲು.

ಗುಲಾಬಿ ಸೀರೆ:

ನಾನು ಆಶಾ ಕಾರ್ಯಕರ್ತೆ. ಮೂರನೇ ಮನೆ ಅಕ್ಕ, ನಿಮ್ಮ ಕರಪತ್ರದ ಮಾತು ಓದಿ ನಗು ಬಂತು. ನಾವೂ ಅದನ್ನೇ ಹೇಳಿಕೊಂಡು ತಿರುಗುತ್ತೇವೆ.

2024ರ ಬೇಸಿಗೆ ನೆನಪಿದೆಯಾ? ಬೋರ್‌ವೆಲ್ ಒಣಗಿ, ಟ್ಯಾಂಕರಿಗೆ ಕಾದು, ಜನ ಸಿಕ್ಕಿದ್ದರಲ್ಲೆಲ್ಲ ನೀರು ತುಂಬಿಟ್ಟರು. ಒಂದು ಡ್ರಮ್ಮಿದ್ದ ಮನೆಯಲ್ಲಿ ಮೂರಾಯಿತು. ಮಕ್ಕಳ ಸ್ನಾನದ ಟಬ್ಬು, ಮದುವೆಗೆ ಕೊಟ್ಟ ಹಂಡೆ, ಪೇಂಟಿನ ಡಬ್ಬ, ಯಾವುದನ್ನೂ ಬಿಡಲಿಲ್ಲ. ಮೇ ತಿಂಗಳಲ್ಲಿ ಮಳೆ ಬಂತು. ಅದರ ಹಿಂದೆಯೇ ಜ್ವರವೂ ಬಂತು. ಅಂಥ ಮನೆಗೆ ಹೋಗಿ ನೀರು ಚೆಲ್ಲಿ ಅನ್ನೋಕೆ ನನಗೆ ನಾಲಿಗೆ ಬರಲಿಲ್ಲ. ಒಬ್ಬ ಅಜ್ಜಿ ಕೇಳಿದರು, "ಚೆಲ್ತೀನಮ್ಮಾ, ನಾಳೆ ನೀನು ತಂದು ಹುಯ್ತೀಯಾ?" ಏನು ಉತ್ತರ ಕೊಡಲಿ?

ನೀರು ದಿನಾ ಬರುವ ಬಡಾವಣೆಯಲ್ಲಿ ಡ್ರಮ್ಮೇ ಇರೋದಿಲ್ಲ. ಅಲ್ಲಿ ಮರಿ ಸಿಗೋದು ಹೂಕುಂಡದ ತಟ್ಟೆಯಲ್ಲಿ. ನಮ್ಮ ಕಡೆ ಸಿಗೋದು ಕುಡಿಯುವ ನೀರಲ್ಲಿ. ಎರಡಕ್ಕೂ ಒಂದೇ ಕರಪತ್ರ ಕೊಡುತ್ತಾರೆ.

ನಾನು ಈಗ ಹೇಳಿಕೊಡುವುದು ಇಷ್ಟೇ. ಹಳೇ ಪಂಚೆ ಎರಡು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಕಟ್ಟಿ. ಹಗ್ಗ ಬೇಡ, ಸಡಿಲ ಆಗುತ್ತೆ. ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿದರೆ ಸುಮ್ನೆ ಕೊಡುತ್ತಾರೆ, ಅದನ್ನು ಉದ್ದಕ್ಕೆ ಕತ್ತರಿಸಿ ಬಿಗಿಯಿರಿ. ಮಕ್ಕಳೂ ತೆಗೆದು ಹಾಕಬಹುದು. ನೀರು ಬಂದಾಗ ಪೈಪನ್ನು ಬಟ್ಟೆ ಮೇಲೇ ಇಡಿ, ಸೋಸಿಕೊಂಡು ಒಳಗೆ ಹೋಗುತ್ತೆ. ಡ್ರಮ್ಮಿನ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳ ನಂಬಬೇಡಿ. ಬಿಸಿಲಿಗೆ ಸೊಟ್ಟಗಾಗಿ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತೆ. ಅದರ ಮೇಲೆ ನಿಂತ ಮಳೆನೀರಿನಲ್ಲೂ ಮರಿ ಸಿಕ್ಕಿದೆ ನನಗೆ.

ಸಾಗರದಾಚೆ:

ನಾನು ಹನ್ನೊಂದು ವರ್ಷದಿಂದ ಸಿಂಗಪುರದಲ್ಲಿದ್ದೇನೆ. ಇಲ್ಲಿ ಅಧಿಕಾರಿಗಳು ಮನೆಗೇ ಬಂದು ಕುಂಡದ ತಟ್ಟೆ, ಕಿಟಕಿ ಹೊರಗೆ ಬಟ್ಟೆ ಒಣಗಿಸುವ ಬಿದಿರಿನ ಗಳ ಸಿಕ್ಕಿಸುವ ತೂತು ಎಲ್ಲ ನೋಡುತ್ತಾರೆ. ಮರಿ ಸಿಕ್ಕರೆ 200 ಡಾಲರ್ ದಂಡ. ನಲ್ಲಿಯಲ್ಲಿ ಇಪ್ಪತ್ನಾಲ್ಕು ಗಂಟೆ ನೀರು. ಆದರೂ 2020ರಲ್ಲಿ ಇಲ್ಲಿ 35 ಸಾವಿರಕ್ಕೂ ಜಾಸ್ತಿ ಡೆಂಗಿ ಕೇಸು ಆಯಿತು. ಕೋವಿಡ್ಡಿಗೆ ಎಲ್ಲರೂ ಮನೆಯಲ್ಲೇ ಕೂತಿದ್ದೆವು, ಸೊಳ್ಳೆಗೆ ಹಗಲು ಹೊತ್ತಿನ ಊಟ ಮನೆಯಲ್ಲೇ ಸಿಕ್ಕಿತು. ಆದ್ದರಿಂದ "ಸಿಂಗಪುರದ ಹಾಗೆ ದಂಡ ಹಾಕಿ" ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ಈಗ ಇಲ್ಲಿ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆ ಬಿಡುತ್ತಾರೆ. ಅವು ಕಚ್ಚುವುದಿಲ್ಲ, ಅವು ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಗಂಡು ಹೆಣ್ಣು ಎರಡನ್ನೂ ಬಿಟ್ಟರು. ಅಂಥ ಸೊಳ್ಳೆಯ ಮೈಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯೋದಿಲ್ಲ. ಬಿಟ್ಟ ಕಡೆ ಡೆಂಗಿ 77 ಶೇಕಡಾ ಕಡಿಮೆ ಆಯಿತು ಅಂತ 2021ರಲ್ಲಿ ವರದಿ ಬಂತು. ಪುದುಚೇರಿಯಲ್ಲಿರುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆಯಲ್ಲೂ ಇಂಥ ಸೊಳ್ಳೆ ಬೆಳೆಸಿದ್ದಾರೆ.

ಎರಡನೇ ಅಡ್ಡರಸ್ತೆ:

ಸೊಳ್ಳೆ ಹೋಗಲಿ ಅಂತ ಕೇಳಿದರೆ ಸೊಳ್ಳೆ ತಂದು ಬಿಡೋದಾ! ನಮ್ಮ ಬೀದಿಯಲ್ಲಿ ಬಿಡೋಕೆ ಬಂದರೆ ಜನ ಹೊಡೀತಾರೆ.

ಕುಡ್ಲದ ಮಳೆ:

ನಮ್ಮ ಮಂಗಳೂರಿನ ಕಥೆಯೂ ಸ್ವಲ್ಪ ಕೇಳಿ ಮಾರಾಯ್ರೇ. ನಮಗೆ ವರ್ಷಗಟ್ಟಲೆ ಮಲೇರಿಯಾ ಕಾಟ. ಕಾಡು ಮಲೇರಿಯಾ ಅಲ್ಲ, ಅಪಾರ್ಟ್‌ಮೆಂಟಿನ ಮಲೇರಿಯಾ. ಸ್ಲ್ಯಾಬ್ ಹಾಕಿದ ಮೇಲೆ ಕ್ಯೂರಿಂಗಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಅದರಲ್ಲಿ ಅನಾಫಿಲಿಸ್ ಮೊಟ್ಟೆ ಇಡುತ್ತದೆ. ಲಿಫ್ಟಿನ ಗುಂಡಿಯಲ್ಲೂ ನೀರು. ಅದೇ ಕಟ್ಟಡದ ಕೆಳಗೆ ತಗಡು ಹೊದೆಸಿ ಕೂಲಿಯವರು ಮಲಗುವುದು. ರಾತ್ರಿ ಕಚ್ಚುವ ಸೊಳ್ಳೆಗೆ ಇನ್ನೇನು ಬೇಕು? ಕೆಲಸ ಮುಗಿದರೆ ಅವರು ಇನ್ನೊಂದು ಸೈಟಿಗೆ, ಪರಾವಲಂಬಿಯೂ ಅವರ ರಕ್ತದಲ್ಲೇ ಪ್ರಯಾಣ.

ಕಡಿಮೆ ಆದದ್ದು ಹೇಗೆ ಅಂದರೆ, ಜ್ವರ ಬಂದವರ ಹಿಂದೆ ಬಿದ್ದು. ಒಂದು ಕೇಸು ಗೊತ್ತಾದರೆ ಆ ಜಾಗಕ್ಕೆ ಹೋಗಿ ಅಕ್ಕಪಕ್ಕದವರ ರಕ್ತ ನೋಡುವುದು, ನೀರು ಎಲ್ಲಿ ನಿಂತಿದೆ ಹುಡುಕುವುದು. 2015ರಿಂದ ಅದಕ್ಕೆ ಸಾಫ್ಟ್‌ವೇರ್ ಕೂಡ ಮಾಡಿಕೊಂಡರು. ಬೆಂಗಳೂರಿನವರೇ, ನಿಮ್ಮ ವಠಾರದ ಪಕ್ಕ ಕಟ್ಟುತ್ತಿರುವ ಕಟ್ಟಡ ಉಂಟಾ, ಒಮ್ಮೆ ನೋಡಿ.

ವಠಾರದ ಮೂರನೇ ಮನೆ:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಈ ಕಡೆ ಬರಲಾಗಲಿಲ್ಲ. ಮಗಳಿಗೆ ಮೊನ್ನೆ ಜ್ವರ ಬಿಟ್ಟಿತು. ಅವತ್ತೇ ಸಂಜೆ ಹೊಟ್ಟೆ ನೋವು ಅಂತ ಮುದುರಿಕೊಂಡಳು. ಮೇಡಂ ಬರೆದಿದ್ದನ್ನು ಓದಿದ್ದೆನಲ್ಲ, ಕಾಯಲಿಲ್ಲ. ಎರಡು ರಾತ್ರಿ ಡ್ರಿಪ್ ಹಾಕಿದರು. ಇವತ್ತು ಬೆಳಗ್ಗೆ ಮನೆಗೆ ಬಂದಳು. ಬಂದವಳೇ ಕೇಳಿದ್ದು ಚಿತ್ರಾನ್ನ.

ಮಧ್ಯಾಹ್ನ ಒಂಬತ್ತೂ ಮನೆಯವರು ಸೇರಿ ಹುಡುಕಿದೆವು. ಗುಲಾಬಿ ಸೀರೆ ಅಕ್ಕನಂಥವರೇ ಒಬ್ಬರು ಟಾರ್ಚು ತಂದಿದ್ದರು. ನೀರಿನ ಮೇಲೆ ನೆರಳು ಬೀಳದ ಹಾಗೆ ಪಕ್ಕದಿಂದ ಬೆಳಕು ಬಿಡಬೇಕಂತೆ. ನೆರಳು ಬಿದ್ದರೆ ಮರಿ ಸರಕ್ಕನೆ ತಳಕ್ಕೆ ಹೋಗುತ್ತವೆ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ನಿಂತರೆ ಒಂದೊಂದಾಗಿ ಮೇಲೆ ಬಂದು ತಲೆಕೆಳಗಾಗಿ ನೇತಾಡುತ್ತವೆ. ಒಂಬತ್ತು ಡ್ರಮ್ಮಿನಲ್ಲಿ ಎರಡರಲ್ಲಿ ಮಾತ್ರ ಸಿಕ್ಕಿತು. ಅಷ್ಟು ಸೊಳ್ಳೆ ಎರಡೇ ಡ್ರಮ್ಮಿನಿಂದ ಬರಲು ಸಾಧ್ಯವಾ ಅಂತ ಅವರಿಗೇ ಅನುಮಾನ.

ಗೇಟಿನ ಹತ್ತಿರ ನೀರಿನ ಮೀಟರಿಗೆ ಒಂದು ಗುಂಡಿ ಇದೆ. ಮೇಲೆ ಕಡಪ ಕಲ್ಲು. ಅದರ ಮೇಲೇ ಎಲ್ಲರೂ ಚಪ್ಪಲಿ ಬಿಡುತ್ತೇವೆ. ಓನರೇ ಬಗ್ಗಿ ಕಲ್ಲು ಸರಿಸಿದರು. ಒಳಗಿಂದ ಮೂವತ್ತು ನಲವತ್ತು ಸೊಳ್ಳೆ ಒಟ್ಟಿಗೆ ಅವರ ಮುಖದ ಮೇಲೆ! ಮೀಟರಿನ ಸಂದಿಯಿಂದ ನೀರು ತೊಟ್ಟಿಕ್ಕಿ ಅರ್ಧ ಗುಂಡಿ ತುಂಬಿತ್ತು. ಕನ್ನಡಿಯಂಥ ನೀರು, ಅದರಲ್ಲಿ ಮರಿ ಬುಳಬುಳ. ಓನರ್ ಚರಂಡಿ ವಿಷಯ ಆಮೇಲೆ ಎತ್ತಲಿಲ್ಲ.

ನಾಲ್ಕನೇ ಜಾಗ ಹೇಳೋಕೆ ನಾಚಿಕೆ. ನಮ್ಮ ಅಡುಗೆ ಮನೆ ಕಿಟಕಿಯಲ್ಲಿ ಹಾರ್ಲಿಕ್ಸ್ ಬಾಟಲಿಗೆ ಮನಿ ಪ್ಲಾಂಟ್ ಹಾಕಿದ್ದೆ. ಮಗಳು ಮಲಗುವ ಜಾಗದಿಂದ ನಾಲ್ಕು ಅಡಿ.

ಗುಲಾಬಿ ಸೀರೆ:

ನಾಚಿಕೆ ಬೇಡ ಅಕ್ಕ. ನಮ್ಮ ಮನೆಯಲ್ಲಿ ಫ್ರಿಜ್ಜಿನ ಹಿಂದಿನ ಟ್ರೇಯಲ್ಲಿ ಸಿಕ್ಕಿತ್ತು. ಊರಿಗೆಲ್ಲ ಹೇಳುವವಳು ನಾನು.

ನಿವೃತ್ತ ಟಾರ್ಚು:

ಮಗಳು ಹುಷಾರಾಗಿದ್ದು ಕೇಳಿ ಸಂತೋಷ. ಆದರೆ ಪರದೆ ತೆಗೆದಿಡಬೇಡಿ. ಡೆಂಗಿಯಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದರೆ ಉಳಿದ ಮೂರಕ್ಕೆ ಅದು ಪೂರ್ತಿ ರಕ್ಷಣೆ ಅಲ್ಲ, ಎರಡನೇ ಸಲ ಬೇರೆ ಬಗೆ ಬಂದರೆ ಜೋರಾಗುವ ಸಂಭವವೇ ಜಾಸ್ತಿ.

ನಿಮ್ಮ ಓನರ್ ಕಲ್ಲು ಸರಿಸಿದ್ದು ಓದಿ ಒಂದು ಹಳೇ ಕಥೆ ನೆನಪಾಯಿತು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ತೋರಿಸಿ 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್, 1883ರಲ್ಲಿ ನಮ್ಮ ಬೆಂಗಳೂರಿನಲ್ಲೇ ಸೇನೆಯ ಡಾಕ್ಟರಾಗಿದ್ದ. ಬಂಗಲೆಯಲ್ಲಿ ಸೊಳ್ಳೆ ಕಾಟ. ಹುಡುಕಿದರೆ ಕಿಟಕಿ ಹೊರಗಿನ ತೊಟ್ಟಿಯ ನೀರಲ್ಲಿ ಮರಿ. ತೊಟ್ಟಿ ಬಗ್ಗಿಸಿದ, ಕಾಟ ಕಡಿಮೆಯಾಯಿತು. ಉಳಿದ ತೊಟ್ಟಿಗಳನ್ನೂ ಬಗ್ಗಿಸೋಣ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಪ್ರಕೃತಿಯ ನಿಯಮಕ್ಕೆ ವಿರುದ್ಧವಂತೆ! ನಾನು 2006ರ ಚಿಕುನ್‌ಗುನ್ಯದಲ್ಲೂ ಓಡಾಡಿದ್ದೇನೆ. ಆ ವರ್ಷ ನಮ್ಮ ರಾಜ್ಯ ಒಂದರಲ್ಲೇ ಏಳು ಲಕ್ಷಕ್ಕೂ ಜಾಸ್ತಿ ಜನಕ್ಕೆ ಬಂದಿರಬಹುದು ಅಂತ ಲೆಕ್ಕ. ಬೀದಿಗೆ ಬೀದಿಯೇ ಸೊಂಟ ಬಗ್ಗಿಸಿ ನಡೆಯುತ್ತಿತ್ತು. ಆಗಲೂ ಜನ ಕೇಳಿದ್ದು ಹೊಗೆಯನ್ನೇ.

ವಠಾರದ ಮೂರನೇ ಮನೆ:

ಸರ್, ಆ ಮೀಟರ್ ಗುಂಡಿಗೆ ಮರಳು ತುಂಬಿಸಿಬಿಡೋಣ ಅಂತ ಓನರ್ ಹೇಳುತ್ತಿದ್ದಾರೆ. ಆಗಬಹುದಾ?

ನಿವೃತ್ತ ಟಾರ್ಚು:

ಬೇಡ. ಮೀಟರ್ ಓದಲು ಬಂದವರು ಏನು ಓದಬೇಕು? ಮೊದಲು ಸೋರಿಕೆ ನಿಲ್ಲಿಸಿ, ಒಂದು ವಾಷರ್ ಹಾಕಿದರೂ ಸಾಕಾಗಬಹುದು. ಗುಂಡಿ ಮೊಗೆದು ಒಣಗಿಸಿ ಗೋಡೆ ಉಜ್ಜಿ. ಕಲ್ಲಿನ ಸಂದಿಗೆ ಸೊಳ್ಳೆ ಜಾಲರಿ ಬಡಿಯಿರಿ. ಮತ್ತೆ ನೀರು ನಿಂತರೆ ಮರಿ ಸಾಯಿಸುವ ಔಷಧಿ ಟೆಮಿಫಾಸ್ ಹಾಕಿಸಿ, ಆರೋಗ್ಯ ಕೇಂದ್ರದಲ್ಲಿ ಕೇಳಿ.

ವಠಾರದ ಮೂರನೇ ಮನೆ:

ಸರಿ ಸರ್. ಇವತ್ತು ನೀರು ಬರುವ ದಿನ. ಹನ್ನೊಂದಾಯಿತು, ಇನ್ನೂ ಬಂದಿಲ್ಲ. ಡ್ರಮ್ಮು ಉಜ್ಜಿ ಬೋರಲು ಹಾಕಿದ್ದೇವೆ, ಒಂಬತ್ತೂ. ಸೈಕಲ್ ಟ್ಯೂಬ್ ಏಳನೇ ಮನೆಯವರು ತಂದಿದ್ದಾರೆ, ಪಂಚೆ ನಮ್ಮ ಮಾವನದು. ಕೇಳದೆ ಕತ್ತರಿಸಿದ್ದೇನೆ.